ಕುಣಿದ್ರೆ ಗಂಡಸು, ಕಲಿತ್ರೆ ಹೆಣ್ಣಿಗನಾ?

ಮಾನ್ಯ ಸಂಪಾದಕರೇ,

ಪೇಪರ್ರಿಗೆ ಪತ್ರ ಬರೀತಿರೋದು ನಾನು ಇದೇ ಮೊದಲು, ಉದ್ದ ಆದ್ರೆ ಕತ್ರಿ ಹಾಕ್ಕೊಳಿ ಬೇಜಾರಿಲ್ಲ. ಸಾಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ, ಬರವಣಿಗೆ ಅಂದ್ರೆ ಬಿಲ್ ಬರೆಯೋದು ಅಷ್ಟೇ ಗೊತ್ತು. ವಿಷಯ ನನ್ ಮಗಂದು.

ಅವನಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು, ನಾಲ್ಕು ವರ್ಷದಿಂದ ಭರತನಾಟ್ಯ ಕಲೀತಿದ್ದಾನೆ. ನಾವೇನ್ ಸೇರ್ಸಿದ್ದಲ್ಲ. ಅವನ ಅಕ್ಕ ಹೋಗ್ತಿದ್ಲು, ಕರ್ಕೊಂಡ್ ಬರೋಕೆ ಅಂತ ನನ್ ಜೊತೆ ಬರ್ತಿದ್ದೋನು ಗೇಟ್ ಹತ್ರ ಚಪ್ಪಲಿ ರಾಶಿ ಮಧ್ಯೆ ಕೂತು ಒಳಗೆ ಟೀಚರ್ರು ಕೋಲಲ್ಲಿ ಹಲಗೆ ಕುಟ್ಟೋದಕ್ಕೆ ಸರಿಯಾಗಿ ಕಾಲ್ ಆಡಿಸ್ತಿದ್ದ, ಒಂದಿನ ಅವರೇ ನೋಡಿ ಒಳಗೆ ಕರೆದ್ರು. ಎರಡು ವರ್ಷಕ್ಕೆ ಅಕ್ಕ ಟ್ಯೂಷನ್ನು ಅಂತ ಬಿಟ್ಲು, ಇವನು ಬಿಡ್ಲಿಲ್ಲ. ಇಪ್ಪತ್ಮೂರು ಹೆಣ್ಮಕ್ಕಳು, ಇವನೊಬ್ಬ ಹುಡುಗ. ಹೋದ ವರ್ಷ ಗೆಜ್ಜೆಪೂಜೆನೂ ಆಯ್ತು, ಈ ಸಲ ಜೂನಿಯರ್ ಪರೀಕ್ಷೆ ಕಟ್ಟಬೇಕಿತ್ತು.

ಹೋದ ತಿಂಗಳು ಸ್ಕೂಲಿಂದ ಬಂದೋನೇ ಸ್ಟೂಲ್ ಹಾಕ್ಕೊಂಡು ಗೆಜ್ಜೆ ಚೀಲನ ಅಟ್ಟದ ಮೇಲೆ ಎಸೆದು ನಾನಿನ್ ಹೋಗಲ್ಲ ಅಂದ. ಯಾಕೋ ಅಂದ್ರೆ ಬಾಯಿ ಬಿಡಲ್ಲ. ಎರಡು ದಿನ ಆದ್ಮೇಲೆ ಅವನಮ್ಮನ ಹತ್ರ ಹೇಳಿದ್ದು ಇಷ್ಟು, ಸ್ಕೂಲಲ್ಲಿ ಆಟದ ಪೀರಿಯಡ್ಡಲ್ಲಿ ಮರದ ಕೆಳಗೆ ನಿಂತು ದೃಷ್ಟಿಭೇದ ಪ್ರಾಕ್ಟೀಸ್ ಮಾಡ್ತಿದ್ನಂತೆ, ಸಮ, ಆಲೋಕಿತ, ಸಾಚಿ ಅಂತ ಕಣ್ಣಲ್ಲೇ ಎಂಟು ತರ ಇದಾವಲ್ಲ ಅದು, ಪರೀಕ್ಷೆಗೆ ಕೇಳ್ತಾರೆ. ಹುಡುಗ್ರು ನೋಡಿ ನಗಾಡಿದಾರೆ, ಒಬ್ಬ ಹೆಣ್ಣಿಗ ಅಂದಿದಾನೆ, ಇನ್ನೊಬ್ಬ ಇನ್ನೂ ಕೆಟ್ಟದಾಗಿ ಏನೋ ಅಂದಿದಾನೆ. ಹುಡುಗ್ರು ಹುಡುಗ್ರೇ ಬಿಡಿ, ಅಲ್ಲೇ ನಿಂತಿದ್ದ ಮೇಷ್ಟ್ರು ಗದರೋದ್ ಬಿಟ್ಟು, ಏನಮ್ಮಾ ನಾಟ್ಯರಾಣಿ, ಲೈನಿಗೆ ಬರ್ತೀಯೋ ಇಲ್ಲ ಆರತಿ ತರಿಸ್ಲೋ ಅಂದ್ರಂತೆ. ಇಡೀ ಗ್ರೌಂಡು ನಕ್ಕಿದೆ. ಸ್ಕೂಲ್ ಹೆಸರು ಬರೆಯಲ್ಲ, ಮಗ ಇನ್ನೂ ಅಲ್ಲೇ ಓದ್ಬೇಕು.

ಮೇಷ್ಟ್ರಿಗೆ ಬೈಯ್ಯೋಕ್ ಮುಂಚೆ ನಂದೂ ಹೇಳ್ಬಿಡ್ತೀನಿ, ನಾನೇನ್ ಭಾರಿ ಸಾಚಾ ಅಲ್ಲ. ಅವನು ಮೊದಲು ಡ್ಯಾನ್ಸ್ ಕ್ಲಾಸ್ ಅಂದಾಗ ನಾನಂದಿದ್ದು ಕರಾಟೆಗೆ ಸೇರ್ಸ್ತೀನಿ ಬಾ ಅಂತ. ಸೇರಿದ್ಮೇಲೂ ಅಂಗಡಿಗೆ ಬಂದೋರು ಮಗ ಎಲ್ಲಿ ಅಂದ್ರೆ ಸಂಗೀತದ ಕ್ಲಾಸಿಗೆ ಹೋಗಿದಾನೆ ಅಂತಿದ್ದೆ, ಪೂರ್ತಿ ಒಂದು ವರ್ಷ ಹಾಗೇ ಅಂದಿದೀನಿ. ಅದು ಅವನ ಕಿವಿಗೂ ಬಿದ್ದಿರುತ್ತೆ ಅನ್ನೋದು ನಂಗೆ ಹೊಳೆದಿದ್ದು ಈಗ. ಕ್ಲಾಸಿಗೆ ಹೋಗುವಾಗ ಗೆಜ್ಜೆ ಸದ್ದಾಗಬಾರ್ದು ಅಂತ ಟವೆಲಲ್ಲಿ ಬಿಗಿಯಾಗಿ ಸುತ್ತಿ ಊಟದ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಿದ್ದ. ಗೆಜ್ಜೆ ನೆಲಕ್ಕಿಡಬಾರ್ದು ಅಂತ ಟೀಚರ್ ಹೇಳಿರ್ಬೇಕು, ಅದಕ್ಕೆ ಅಷ್ಟು ಜೋಪಾನ ಅಂದ್ಕೊಂಡಿದ್ದೆ ನೋಡಿ.

ಈಗ ಇನ್ನೊಂದ್ ಕಡೆ ನೋಡಿ. ನಮ್ ಬೀದೀಲಿ ಒಬ್ರು ಹಿರಿಯರಿದ್ದಾರೆ, ಗಂಡು ಹುಡುಗನ್ನ ಹಾಳ್ ಮಾಡ್ತಿದ್ದೀಯಲ್ಲೋ ಮಾರಾಯ ಅಂತ ನಂಗೆ ಎರಡು ಸಲ ಬುದ್ಧಿ ಹೇಳಿದೋರು. ಗಣಪತಿ ಬಿಡೋ ದಿನ ಅವರನ್ನ ನೋಡ್ಬೇಕಿತ್ತು, ಡಿಜೆ ಮುಂದೆ ಪಂಚೆ ಮೇಲೆತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಸೊಂಟ ಏನು ಭುಜ ಏನು, ಇನ್ನೊಬ್ಬರ ಹೆಗಲ ಮೇಲೆ ಕೈ ಹಾಕ್ಕೊಂಡು ಒಂದೂವರೆ ಗಂಟೆ ಕುಣಿದಿದ್ದಾರೆ. ಯಾರೂ ಏನೂ ಅನ್ಲಿಲ್ಲ, ಅನ್ನೋದೇನೂ ಇರ್ಲಿಲ್ಲ ಬಿಡಿ, ಚೆನ್ನಾಗೇ ಕುಣಿದ್ರು. ಆದ್ರೆ ನಂಗೆ ತಲೆಗೆ ಹೊಕ್ಕಿದ್ದು ಅವತ್ತೇ, ಗಂಡಸು ಕುಣಿಯೋದು ನಮ್ ಜನಕ್ಕೆ ಸಮಸ್ಯೆನೇ ಅಲ್ಲ, ಕಲಿಯೋದು ಸಮಸ್ಯೆ.

ಯಾಕಂದ್ರೆ ನಮ್ ರಾಜ್ಯದಷ್ಟು ಗಂಡಸ್ರು ಕುಣಿಯೋ ಜಾಗ ಇನ್ನೆಲ್ಲಿದೆ ಹೇಳಿ. ನಮ್ ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಂದ್ಸಲ ಬರುತ್ತೆ, ಡೊಳ್ಳಿನೋರು ಬಂದ್ರೆ ಬೀದಿ ಬೀದಿ ನಡುಗುತ್ತೆ, ಎದೆಗೆ ಅಷ್ಟು ದೊಡ್ಡ ಡೊಳ್ಳು ಕಟ್ಕೊಂಡು ಬಗ್ಗಿ ಎದ್ದು ತಿರುಗಿ ಕುಣೀತಾರೆ. ವೀರಗಾಸೆಯೋರ ಕಾಲಲ್ಲಿ ಇರೋದೂ ಗೆಜ್ಜೆನೇ ತಾನೆ, ಕೈಯಲ್ಲಿ ಕತ್ತಿ ಇದೆ ಅಂತ ಗೆಜ್ಜೆ ಯಾರಿಗೂ ಕಾಣಲ್ಲ. ಮಾದಪ್ಪನ ಒಕ್ಕಲಿನೋರು ಕಂಸಾಳೆ ಬೀಸ್ತಾರೆ, ಅದನ್ನ ಪ್ರಾಕ್ಟೀಸ್ ಇಲ್ದೆ ಬೀಸಿದ್ರೆ ಪಕ್ಕದೋನ ತಲೆ ಒಡೆಯುತ್ತೆ. ಕೊಡಗಿನೋರು ಮಿಲಿಟರಿಗೆ ಹೆಸರಾದೋರು, ಅವರ ಮದುವೆಗೆ ಹೋಗಿ ನೋಡಿ, ವಾಲಗ ಶುರುವಾಯ್ತು ಅಂದ್ರೆ ರಿಟೈರ್ಡ್ ಕರ್ನಲ್ಲೂ ಕುಪ್ಯಚೇಲೆ ಹಾಕ್ಕೊಂಡು ಕುಣೀತಿರ್ತಾರೆ, ಹಬ್ಬಕ್ಕೆ ಬೊಳಕಾಟ್ ಆಡುವಾಗ ಕೈಯಲ್ಲಿ ಚವರಿ ಹಿಡ್ಕೊಂಡು ಎಷ್ಟು ನಿಧಾನಕ್ಕೆ ಎಷ್ಟು ನಯವಾಗಿ ಹೆಜ್ಜೆ ಹಾಕ್ತಾರೆ ಅಂತೀರಿ.

ಬೆಂಗಳೂರಿನ ಕರಗ ತಗೊಳಿ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರೋರು ಗಂಡಸು, ಆದ್ರೆ ಉಟ್ಟಿರೋದು ಸೀರೆ, ಕೈಗೆ ಬಳೆ, ಮೈತುಂಬ ಮಲ್ಲಿಗೆ, ಕುತ್ತಿಗೇಲಿ ತಾಳಿ. ಅವರು ಅವತ್ತು ದ್ರೌಪದಿ. ತಲೆ ಮೇಲಿನ ಕರಗ ಕೈಯಲ್ಲಿ ಹಿಡಿಯದೆ ಲಯಕ್ಕೆ ಹೆಜ್ಜೆ ಹಾಕ್ತಾ ರಾತ್ರಿಯಿಡೀ ಪೇಟೆ ಸುತ್ತಬೇಕು, ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರಬೇಕು, ಸುತ್ತ ವೀರಕುಮಾರರು ಕತ್ತಿ ಹಿಡ್ಕೊಂಡು ಗೋವಿಂದಾ ಗೋವಿಂದಾ ಅಂತ ಕೂಗ್ತಾ ಕಾವಲು. ಲಕ್ಷಾಂತರ ಜನ ನಿಂತು ಕೈ ಮುಗೀತಾರೆ. ಅಲ್ಲಿ ಸೀರೆ ಉಟ್ಟ ಗಂಡಸನ್ನ ನೋಡಿ ಒಬ್ಬನೇ ಒಬ್ಬ ಕಿಸಕ್ ಅಂತ ನಗ್ತಾನಾ? ನಗ್ಲಿ ನೋಡೋಣ.

ಇನ್ನು ನಮ್ ಕಡೆ ಯಕ್ಷಗಾನದ ಬಗ್ಗೆ ನಾನ್ ಹೇಳ್ಬೇಕಾಗಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನ್ನ ನೋಡಿದೋರು ಇನ್ನೂ ಬೇಕಾದಷ್ಟು ಜನ ಇದೀವಿ, 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಎಂಬತ್ತು ದಾಟಿದ್ಮೇಲೂ ಗೆಜ್ಜೆ ಕಟ್ಟಿದ್ರು. ನಾನು ಚಿಕ್ಕೋನಿದ್ದಾಗ ಅಜ್ಜನ ಜೊತೆ ಆಟಕ್ಕೆ ಹೋಗಿ ಅರ್ಧ ರಾತ್ರಿಗೆ ನಿದ್ದೆ ಹೊಡೆದು ಬೆಳಗಿನ ಜಾವ ಎದ್ದು ವೇಷದೋರು ಬಣ್ಣ ಹಚ್ಚೋ ಚೌಕಿ ಹತ್ರ ಹೋಗಿ ಇಣುಕಿದ್ದೆ. ರಾತ್ರಿ ಮೋಹಿನಿ ಮಾಡಿದೋರು ಅಲ್ಲಿ ಜಡೆ ಬಿಚ್ಚಿಟ್ಟು, ಕೊಬ್ರಿ ಎಣ್ಣೇಲಿ ಅರ್ಧ ಮುಖದ ಬಣ್ಣ ಉಜ್ಜಿ, ಇನ್ನರ್ಧ ಮುಖ ಹಾಗೇ ಇಟ್ಕೊಂಡು ಬೀಡಿ ಸೇದ್ತಾ ತೋಟಕ್ಕೆ ಔಷಧಿ ಹೊಡೆಯೋಕೆ ಆಳು ಸಿಗ್ಲಿಲ್ಲ ಅಂತ ಯಾರಿಗೋ ಬೈತಿದ್ರು. ಒಂದ್ ಕಡೆ ಮೀಸೆ ಬೋಳಿಸಿದ ಗಂಡಸಿನ ಮುಖ, ಇನ್ನೊಂದ್ ಕಡೆ ಕಾಡಿಗೆ ತೀಡಿದ ಕಣ್ಣು. ನಂಗೆ ಭಯನೂ ಆಗ್ಲಿಲ್ಲ ನಗುನೂ ಬರ್ಲಿಲ್ಲ. ಅಜ್ಜ ಬಂದು ಆಹಾ ಏನ್ ಲಾಲಿತ್ಯ ನಿಮ್ದು ಅಂತ ಅವರ ಕೈ ಹಿಡ್ಕೊಂಡ್ರು. ನಮ್ಮಜ್ಜ ಊರಿಗೆ ಸಿಡುಕ ಅಂತ ಹೆಸರಾದೋರು, ಅವರ ಬಾಯಲ್ಲಿ ಆ ಪದ ಬಂದಿದ್ದು ನಾನ್ ಕೇಳಿದ್ದು ಅದೊಂದೇ ಸಲ.

ಹಾಗಾದ್ರೆ ನನ್ ಮಗ ಮಾಡಿದ ತಪ್ಪೇನು? ಯೋಚ್ನೆ ಮಾಡಿ ಮಾಡಿ ನಂಗನ್ಸಿದ್ದು ಹೀಗೆ. ದೇವರ ಹೆಸರಲ್ಲಿ ಕುಣಿದ್ರೆ ಭಕ್ತಿ, ಎಣ್ಣೆ ಹಾಕಿ ಕುಣಿದ್ರೆ ಮಜಾ, ಸಿನಿಮಾದಲ್ಲಿ ಹೀರೋ ಕುಣಿದ್ರೆ ಸ್ಟೈಲು. ಮೈಸೂರಲ್ಲಿ ಹುಟ್ಟಿದ ಪ್ರಭುದೇವ ಕುಣಿದ್ರೆ ಇಡೀ ದೇಶ ಬಾಯಿ ಬಿಟ್ಕೊಂಡು ನೋಡ್ತು, ನಮ್ ಅಪ್ಪು ಕಾಲು ಎತ್ತಿದ್ರೆ ಥಿಯೇಟರ್ ತುಂಬ ಶಿಳ್ಳೆ. ಆದ್ರೆ ಒಬ್ಬ ಹುಡುಗ ಹೆಣ್ಮಕ್ಕಳ ಸಾಲಲ್ಲಿ ನಿಂತು, ಒಬ್ಬ ಹೆಂಗಸನ್ನ ಗುರು ಅಂತ ಒಪ್ಕೊಂಡು, ವಾರಕ್ಕೆ ಮೂರು ದಿನ ಕೈ ಬೆರಳು ಹೀಗಿರ್ಬೇಕು ಕಣ್ಣು ಹಾಗೆ ಹೋಗ್ಬೇಕು ಅಂತ ಕಲಿತ್ರೆ ನಮ್ ಹೊಟ್ಟೇಲಿ ಏನೋ ಕಿವುಚಿದ ಹಾಗಾಗುತ್ತೆ. ಕಾಲು ಕುಟ್ಟೋದಕ್ಕೆ ಯಾರದ್ದೂ ತಕರಾರಿಲ್ಲ ನೋಡಿ. ತಕರಾರಿರೋದು ಮುಖದ್ದು. ಗಂಡಸು ಸಿಟ್ಟು ಮಾಡ್ಕೊಳ್ಳೋ ಮುಖ ತೋರ್ಸಬಹುದು, ಅದು ರೌದ್ರರಸ. ಕೃಷ್ಣ ಬರ್ಲಿಲ್ಲ ಅಂತ ಕಾಯೋ ಮುಖ ತೋರಿಸಿದ ಅಂದ್ರೆ ಕೆಟ್ಟ. ನನ್ ಮಗ ಅವತ್ತು ಮರದ ಕೆಳಗೆ ಕಾಲು ಕುಟ್ಟೋ ತಟ್ಟಡವು ಹಾಕಿದ್ರೆ ಬಹುಶಃ ಯಾರೂ ನಗ್ತಿರ್ಲಿಲ್ಲ, ಕಣ್ಣು ಆಡಿಸಿದ, ಅದಕ್ಕೆ ನಕ್ಕಿದ್ದು.

ಇನ್ನೊಂದು ಮಾತು, ಇದು ನನ್ ಮಗಳು ಕೇಳಿದ್ದು, ನಂಗೆ ಉತ್ತರ ಬರ್ಲಿಲ್ಲ. ನಮ್ ಜಿಲ್ಲೇಲಿ ಈಗ ಹೆಣ್ಮಕ್ಕಳ ಡೊಳ್ಳಿನ ತಂಡಗಳೂ ಇದಾವೆ, ಜಬರ್ದಸ್ತ್ ಬಾರಿಸ್ತಾರೆ, ನೋಡಿದೋರೆಲ್ಲ ಶಭಾಷ್ ಗಂಡಿಗೇನ್ ಕಮ್ಮಿ ಅಂತಾರೆ. ಸರಿ. ಅವಳು ಕೇಳಿದ್ದು, ಅಪ್ಪಾ, ಹುಡುಗಿ ಹುಡುಗನ ತರ ಮಾಡಿದ್ರೆ ಹೊಗಳ್ತೀರಿ, ಹುಡುಗ ಹುಡುಗಿ ತರ ಮಾಡಿದ್ರೆ ನಗ್ತೀರಿ, ಅಂದ್ರೆ ಹುಡುಗಿ ಆಗಿರೋದೇ ಕಮ್ಮಿ ಅಂತಾಯ್ತಲ್ಲ? ತಮ್ಮನಿಗೆ ಬೈದಿದ್ದು ನಂಗೆ ಬೈದ ಹಾಗೇ ಅಲ್ವಾ? ನಾನು ಊಟ ಮಾಡ್ತಿದ್ದೆ, ತಟ್ಟೆ ನೋಡ್ಕೊಂಡು ಕೂತೆ.

ಬೈಗುಳದ ಮಾತು ಬಂತಲ್ಲ, ಆ ಇನ್ನೊಂದು ಕೆಟ್ಟ ಪದ ಇದೆಯಲ್ಲ, ನಂಬರ್ ಹೇಳಿ ಬೈತಾರಲ್ಲ, ಅದರ ಬಗ್ಗೆನೂ ಒಂದ್ ಮಾತು. ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬದುಕ್ತಿರೋ ಮಂಜಮ್ಮ ಜೋಗತಿ ಅವರು ಜೋಗತಿ ನೃತ್ಯ ಮಾಡ್ತಾನೇ ನಮ್ ರಾಜ್ಯದ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, ಪದ್ಮಶ್ರೀ ತಗೊಂಡ್ರು, ರಾಷ್ಟ್ರಪತಿಗಳಿಗೆ ಸೆರಗು ನಿವಾಳಿಸಿ ದೃಷ್ಟಿ ತೆಗೆದಿದ್ದನ್ನ ಟೀವೀಲಿ ನೋಡಿ ನಾವೆಲ್ಲ ಖುಷಿ ಪಟ್ವಿ. ಮಾರನೇ ದಿನ ಬಸ್‌ಸ್ಟ್ಯಾಂಡಲ್ಲಿ ಅದೇ ಪದ ಬೈಗುಳ. ನನ್ ಮಗ ಅದಲ್ಲ ಅಂತ ನಾನು ವಾದ ಮಾಡೋಕೆ ಹೋಗಲ್ಲ, ಹಾಗೆ ವಾದ ಮಾಡಿದ್ರೆ ಅದು ಬೈಗುಳನೇ ಅಂತ ನಾನೂ ಒಪ್ಕೊಂಡಂಗೆ.

ಮೇಷ್ಟ್ರಿಗೆ ಒಂದು ಕತೆ ನೆನಪು ಮಾಡ್ಬೇಕು ಅನ್ಸುತ್ತೆ, ಅವರಿಗೆ ಗೊತ್ತಿರೋದೇ. ವಿರಾಟನ ಅರಮನೇಲಿ ಉತ್ತರೆಗೆ ಡ್ಯಾನ್ಸ್ ಮೇಷ್ಟ್ರು ಯಾರು? ಬೃಹನ್ನಳೆ. ಅಂದ್ರೆ ಅರ್ಜುನ, ಜಡೆ ಹಾಕಿ ಬಳೆ ತೊಟ್ಟು ಒಂದ್ ವರ್ಷ ಹೆಣ್ಮಕ್ಕಳಿಗೆ ಕುಣಿಯೋದ್ ಕಲಿಸಿದ. ಕೌರವರು ದನ ಹೊಡ್ಕೊಂಡ್ ಹೋದಾಗ ಹೆಂಗಸರ ಮುಂದೆ ಮೀಸೆ ತಿರುವಿದ್ದು ಉತ್ತರಕುಮಾರ, ಸೈನ್ಯ ನೋಡಿ ರಥದಿಂದ ಹಾರಿ ಓಡಿದ್ದೂ ಅವನೇ, ಓಡಿ ಹೋದೋನ ಜುಟ್ಟು ಹಿಡಿದು ಎಳ್ಕೊಂಡ್ ಬಂದು ಭೀಷ್ಮ ದ್ರೋಣ ಕರ್ಣ ಎಲ್ಲರ ಮುಂದೆ ಒಬ್ಬನೇ ನಿಂತಿದ್ದು ಡ್ಯಾನ್ಸ್ ಮೇಷ್ಟ್ರು. ಉತ್ತರನ ಪೌರುಷ ಒಲೆ ಮುಂದೆ ಅಂತ ಗಾದೆ ಸುಮ್ನೆ ಹುಟ್ಟಿಲ್ಲ.

ಈಗ ಒಂದು ತಮಾಷೆ ಹೇಳ್ತೀನಿ. ನಮ್ ಅಂಗಡೀಲಿ ಇಬ್ರು ಹುಡುಗ್ರು ಕೆಲಸಕ್ಕಿದ್ದಾರೆ, ಇಬ್ರೂ ಜಿಮ್ಮು, ತೋಳು ನೋಡಿದ್ರೆ ತೆಂಗಿನಕಾಯಿ ಇಟ್ಟಂಗಿದೆ. ಐದು ಎಚ್‌ಪಿ ಪಂಪ್‌ಸೆಟ್ ಮೋಟಾರ್ ಒಬ್ಬನೇ ಎತ್ತಿ ಟೇಬಲ್ ಮೇಲಿಡ್ತಾನೆ ಅದ್ರಲ್ಲೊಬ್ಬ. ಮಗ ಕ್ಲಾಸ್ ಬಿಟ್ಟ ವಿಷಯ ಕೇಳಿ, ಬಿಡಿ ಅಣ್ಣಾ ಒಳ್ಳೇದೇ ಆಯ್ತು, ನಮ್ ಜೊತೆ ಜಿಮ್ಮಿಗೆ ಕಳ್ಸಿ ಅಂದ. ಮಗ ಅಲ್ಲೇ ಇದ್ದ, ವೈಂಡಿಂಗ್ ವೈರಿನ ಖಾಲಿ ಬಾಬಿನ್ ಹಿಡ್ಕೊಂಡು ಕೂತಿದ್ದ. ನಂಗೆ ಏನನ್ಸ್ತೋ, ಲೇ ಅರಮಂಡಿ ತೋರ್ಸೋ ಇವರಿಗೆ ಅಂದೆ. ಮೊದಲು ಒಲ್ಲೆ ಅಂದ. ಸೋತೋರು ಎಲ್ಲರಿಗೂ ಟೀ ಬನ್ನು ಕೊಡಿಸ್ಬೇಕು ಅಂತ ಬೆಟ್ ಕಟ್ಟಿದ್ಮೇಲೆ ಎದ್ದ. ಹಿಮ್ಮಡಿ ಕೂಡಿಸಿ, ಪಾದ ಅಡ್ಡಕ್ಕೆ ತಿರುಗಿಸಿ, ಮಂಡಿ ಎರಡೂ ಪಕ್ಕಕ್ಕೆ ಬಗ್ಗಿಸಿ, ಬೆನ್ನು ಕಂಬದ ತರ ನೇರ, ಇಷ್ಟೇ, ನೋಡೋಕೆ ಏನೂ ಇಲ್ಲ. ನಮ್ ಪೈಲ್ವಾನರು ಕೂತ್ರು. ಅರ್ಧ ನಿಮಿಷಕ್ಕೆ ಒಬ್ಬನ ತೊಡೆ ಗಡಗಡ ನಡುಗೋಕೆ ಶುರು, ಇನ್ನೊಬ್ಬ ಬೆನ್ನು ಮುಂದಕ್ಕೆ ಹಾಕಿದ, ಮಗ ನೇರ ನೇರ ಅಂತ ಟೀಚರ್ ತರ ಗದರಿದ. ಅದೇ ಭಂಗೀಲಿ ಕೂತು ತೈಯಾ ತೈ ಅಂತ ಬಾಯಲ್ಲೇ ಹೇಳ್ತಾ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ಸ್ಪೀಡು ಏರಿಸ್ತಾ ಕುಟ್ಟಿದ, ಶೆಲ್ಫ್ ಮೇಲಿದ್ದ ಸ್ಕ್ರೂ ಡಬ್ಬಿ ಅಲ್ಲಾಡ್ತಿತ್ತು. ಇವರಿಬ್ರೂ ಅಷ್ಟ್ರಲ್ಲಿ ನೆಲದ ಮೇಲೆ. ನಾನೂ ಟ್ರೈ ಮಾಡ್ದೆ, ಅದನ್ನ ಇಲ್ಲಿ ಬರೆಯೋದ್ ಬೇಡ, ಎರಡು ದಿನ ಮೆಟ್ಟಿಲು ಹತ್ತೋಕಾಗ್ಲಿಲ್ಲ. ಬನ್ನು ತಿಂತಾ ಆ ಜಿಮ್ ಹುಡುಗ ಕೇಳಿದ್ದು, ಲೇ ಇದು ಕಾಲಿಗೆ ಒಳ್ಳೆ ವರ್ಕೌಟ್ ಕಣೋ, ಎಷ್ಟು ಫೀಸು ಅಂತ.

ಅಷ್ಟಕ್ಕೂ ಭರತನಾಟ್ಯ ಹೆಣ್ಮಕ್ಕಳದ್ದೇ ಅಂತ ಅಂದೋರ್ಯಾರು. ವೇದಿಕೆ ಮೇಲೆ ದೇವದಾಸಿಯರು ಕುಣೀತಿದ್ರು ಅನ್ನೋದು ನಿಜ, ಆದ್ರೆ ಅವರಿಗೆ ಕಲಿಸಿ ತಾಳ ಹಾಕ್ತಿದ್ದ ನಟುವನಾರ್‌ಗಳು ಗಂಡಸ್ರು, ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರಲ್ಲಿ ಚಿನ್ನಯ್ಯ ಅನ್ನೋರು ನಮ್ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೇ ಬಂದಿದ್ರು. ಬೆಂಗಳೂರಲ್ಲಿ ಹುಟ್ಟಿದ ರಾಮ್ ಗೋಪಾಲ್ 1939ರಲ್ಲೇ ಲಂಡನ್ನಿನ ಥಿಯೇಟರಲ್ಲಿ ಕುಣಿದು ಬಂದೋರು. ಯು.ಎಸ್. ಕೃಷ್ಣರಾವ್ ಅವರು ಕೆಮಿಸ್ಟ್ರಿ ಪ್ರೊಫೆಸರು, ಹೆಂಡತಿ ಚಂದ್ರಭಾಗಾದೇವಿ ಜೊತೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆ ಹತ್ರ ಕಲಿತು ಗಂಡಹೆಂಡ್ತಿ ಇಬ್ರೂ ಕುಣಿದ್ರು, ಪಾಠನೂ ಹೇಳಿದ್ರು, ಡ್ಯಾನ್ಸೂ ಹೇಳ್ಕೊಟ್ರು. ಪಕ್ಕದ ಆಂಧ್ರದ ಕೂಚಿಪುಡಿ ಅಂತೂ ಮೊದಲು ಗಂಡಸ್ರದ್ದೇ, ಸತ್ಯಭಾಮೆ ಪಾತ್ರಕ್ಕೆ ವೇದಾಂತಂ ಸತ್ಯನಾರಾಯಣ ಶರ್ಮ ಅಂತ ಹೆಸರು. ಬಾದಾಮಿ ಮೊದಲನೇ ಗುಹೆ ಬಾಗಿಲಲ್ಲೇ 18 ಕೈಯ ಶಿವ ಕುಣೀತಾ ನಿಂತಿದ್ದಾನೆ, ಸ್ಕೂಲ್ ಟ್ರಿಪ್ಪಲ್ಲಿ ಆ ಮೇಷ್ಟ್ರೇ ಮಕ್ಕಳನ್ನ ಅಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ್ರು.

ಕೆಲವರು ಇನ್ನೊಂದ್ ಮಾತು ಹೇಳ್ತಾರೆ, ಅದರಲ್ಲಿ ಸ್ವಲ್ಪ ನ್ಯಾಯ ಇದೆ. ಗಂಡು ಹುಡುಗ ಕುಣಿದ್ರೆ ಹೊಟ್ಟೆಗೇನು ಅಂತ. ಯಕ್ಷಗಾನ ಮೇಳದಲ್ಲಿದ್ದೋರ ಕಷ್ಟ ನಮ್ ಕಡೆ ಎಲ್ಲರಿಗೂ ಗೊತ್ತು, ಆರು ತಿಂಗಳು ತಿರುಗಾಟ, ರಾತ್ರಿಯೆಲ್ಲ ಕುಣಿತ, ಹಗಲೆಲ್ಲ ಸಿಕ್ಕಲ್ಲಿ ನಿದ್ದೆ, ಆಟದೋನಿಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡೋರು. ಆ ಹೆದರಿಕೆ ನಂಗೂ ಇದೆ. ಆದ್ರೆ ಅದು ದುಡ್ಡಿನ ಲೆಕ್ಕ, ಗಂಡಸ್ತನದ ಲೆಕ್ಕ ಅಲ್ಲ. ಕ್ರಿಕೆಟ್ ಕೋಚಿಂಗಿಗೆ ಕಳಿಸೋ ಎಷ್ಟು ಅಪ್ಪಂದಿರ ಮಕ್ಕಳು ಟೀಮಿಗೆ ಹೋಗಿ ದುಡೀತಾರೆ? ಅಲ್ಲಿ ಯಾರೂ ಹೊಟ್ಟೆಗೇನು ಅಂತ ಕೇಳಲ್ಲ.

ಕೊನೆಗೆ ನಿಮ್ ಪೇಪರ್ ಮೇಲೂ ಒಂದು ದೂರಿದೆ, ಬೇಜಾರ್ ಮಾಡ್ಕೋಬೇಡಿ. ಪುರವಣೀಲಿ ರಂಗಪ್ರವೇಶದ ಸುದ್ದಿ ಬರುತ್ತಲ್ಲ, ನಾಟ್ಯ ಮಯೂರಿ, ನೃತ್ಯ ಕುವರಿ, ನಾಟ್ಯ ಸರಸ್ವತಿ ಅಂತ ಹೆಡ್ಡಿಂಗು. ಹುಡುಗಂದು ಬಂದ್ರೆ ನಿಮ್ ಹತ್ರ ಪದನೇ ಇಲ್ಲ. ನರ್ತಕಿ ಅಂತ ಎಷ್ಟು ಸಲ ಪ್ರಿಂಟಾಗಿದೆ, ನರ್ತಕ ಅಂತ ಎಷ್ಟು ಸಲ? ಪ್ರತಿಭಾ ಕಾರಂಜಿ ಬಂತು ಅಂದ್ರೆ ಭರತನಾಟ್ಯಕ್ಕೆ ಹುಡುಗಿ ಫೋಟೋ, ಡೊಳ್ಳಿಗೆ ಹುಡುಗ್ರ ಫೋಟೋ, ಕಣ್ಣು ಮುಚ್ಕೊಂಡು ಹಾಕ್ತೀರಿ. ಯಾವತ್ತಾದ್ರೂ ಒಂದ್ಸಲ ಗೆಜ್ಜೆ ಕಟ್ಟಿ ಅರಮಂಡೀಲಿ ಕೂತ ಹುಡುಗನ ಫೋಟೋ ಹಾಕಿ, ನಮ್ ಸ್ಕೂಲಿನ ನೋಟೀಸ್ ಬೋರ್ಡಿಗೆ ನಾನೇ ಹೋಗಿ ಅಂಟಿಸ್ತೀನಿ.

ಮೇಷ್ಟ್ರನ್ನ ಹೋಗಿ ಕಂಡಿದ್ದೆ. ಜಗಳ ಆಡ್ಲಿಲ್ಲ. ಅಯ್ಯೋ ತಮಾಷೆಗಂದಿದ್ದು ಸಾರ್, ಇಷ್ಟು ಸೀರಿಯಸ್ಸಾಗಿ ತಗೊಂಡ್ನಾ ಅಂದ್ರು. ತಗೊಂಡಿದಾನೆ ಸಾರ್ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ನಾನೂ ಕಾಲೇಜಲ್ಲಿ ಸ್ಕಿಟ್ಟಲ್ಲಿ ಹೆಣ್ ಪಾರ್ಟ್ ಮಾಡ್ತಿದ್ದೆ ಅಂತ ಅವರಾಗೇ ಹೇಳಿದ್ರು, ಯಾಕೆ ಹೇಳಿದ್ರೋ ಗೊತ್ತಿಲ್ಲ.

ಹೋದ ಸೋಮವಾರ ಮಗ ಅಟ್ಟದಿಂದ ಚೀಲ ಇಳಿಸಿದ. ಯಾರೂ ಹೇಳಿರ್ಲಿಲ್ಲ, ಪರೀಕ್ಷೆ ಫೀಸ್ ಕಟ್ಟೋ ಕೊನೆ ದಿನ ಯಾವಾಗ ಅಂತಷ್ಟೇ ಕೇಳಿದ. ಬೈಕಲ್ಲಿ ಬಿಟ್ಟು ಬಂದೆ. ದಾರೀಲಿ ಗಿರಾಕಿಯೊಬ್ರು ಕೈ ತೋರ್ಸಿ ನಿಲ್ಲಿಸಿ ಮಗನ್ನ ಎಲ್ಲಿಗೆ ಕರ್ಕೊಂಡ್ ಹೊರಟ್ರಿ ಅಂದ್ರು, ಭರತನಾಟ್ಯಕ್ಕೆ ಅಂದೆ, ಸ್ವಲ್ಪ ಜೋರಾಗೇ ಅಂದೆ ಅನ್ಸುತ್ತೆ. ಹಿಂದೆ ಕೂತೋನು ಏನೂ ಮಾತಾಡ್ಲಿಲ್ಲ. ಗೆಜ್ಜೆ ಮಾತ್ರ ಇನ್ನೂ ಟವೆಲಲ್ಲೇ ಸುತ್ತಿತ್ತು.

ಇಂತಿ,
ನಿಮ್ ಓದುಗ, ಸಾಗರ